ಮೂರನೆಯ ಸಾಲಿನಲ್ಲಿ ಕುಳಿತವರನ್ನು ನೆನೆದು: ಮನೆಯಿಲ್ಲದವರ ಕುರಿತ ಸಾಕ್ಷ್ಯಚಿತ್ರವನ್ನು ಕಾಲೇಜಿನಲ್ಲಿ ತೋರಿಸುವವರಿಗೆ

ಕೆಲವು ವರ್ಷಗಳ ಹಿಂದೆ ಧಾರವಾಡದಲ್ಲಿ ನಮ್ಮ ವಿದ್ಯಾರ್ಥಿ ಸಂಘ ಮನೆಯಿಲ್ಲದವರ ಬದುಕಿನ ಕುರಿತ ಸಾಕ್ಷ್ಯಚಿತ್ರವೊಂದನ್ನು ತೋರಿಸಿತು. ಸಭಾಂಗಣ ತುಂಬಿತ್ತು, ಚರ್ಚೆಯೂ ಕಾವೇರಿತ್ತು. ಎಲ್ಲರೂ ಹೋದ ಮೇಲೆ ಕುರ್ಚಿ ಮಡಚಿಡುವಾಗ, ಹಾವೇರಿ ಕಡೆಯಿಂದ ಬಂದು ನಮ್ಮ ಜೊತೆ ಓದುತ್ತಿದ್ದ ಹುಡುಗನೊಬ್ಬ ಮೆಲ್ಲಗೆ ಹೇಳಿದ: ‘ಮೊದಲ ವರ್ಷ ಹಾಸ್ಟೆಲ್ ಸೀಟು ಸಿಗುವ ತನಕ ನಾನು ಹತ್ತೊಂಬತ್ತು ರಾತ್ರಿ ರೈಲು ನಿಲ್ದಾಣದಲ್ಲಿ ಮಲಗಿದ್ದೆ. ನಮ್ಮ ಪೋಸ್ಟರಿನಲ್ಲಿ “ಅವರ ಕತ್ತಲ ಲೋಕ” ಎಂದು ಬರೆದಿದ್ದೆವಲ್ಲ, ಅದನ್ನು ಅಂಟಿಸುವಾಗ ಕೈ ಏಳಲಿಲ್ಲ.’

ಎರಡು ವರ್ಷ ನಮ್ಮೊಡನೆ ಓಡಾಡಿದವನು. ಆ ದಿನದ ಪೋಸ್ಟರುಗಳಲ್ಲಿ ಅರ್ಧದಷ್ಟನ್ನು ಅಂಟಿಸಿದವನೂ ಅವನೇ. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಇಂಥ ಪ್ರದರ್ಶನಕ್ಕೆ ಕೈಹಾಕಿದಾಗಲೆಲ್ಲ ಒಂದೇ ಒರೆಗಲ್ಲು ಇಟ್ಟುಕೊಂಡಿದ್ದೇನೆ: ಹೊರಗೆ ಮಲಗಿ ರಾತ್ರಿ ಕಳೆದವರೊಬ್ಬರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಚಿತ್ರ, ಪೋಸ್ಟರ್, ಸ್ವಾಗತ ಭಾಷಣ, ಪ್ರಶ್ನೋತ್ತರ, ಇವುಗಳಲ್ಲಿ ಯಾವುದರಿಂದಲೂ ಅವರು ತಲೆ ತಗ್ಗಿಸುವಂತಾಗಬಾರದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಕಾಲೇಜು ಸಂಘಗಳಿಗೆ ಉಪಯೋಗವಾಗಲೆಂದು, ಮಾಡಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಕೈಯಲ್ಲಿ ಕನಿಷ್ಠ ಆರು ವಾರ ಇರಲಿ.

ಎಲ್ಲಕ್ಕಿಂತ ಮೊದಲು ಒಂದು ಅರ್ಜಿ

ಚಿತ್ರ ಹುಡುಕುವುದಕ್ಕೂ ಮುಂಚೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರ ಕೊಡಲು ಇಲಾಖೆಗೆ 30 ದಿನಗಳ ಅವಕಾಶವಿರುವುದರಿಂದ ಇದನ್ನು ತಡಮಾಡುವಂತಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದು 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಮಹಾನಗರ ಪಾಲಿಕೆಗೆ ಅಥವಾ ನಗರಸಭೆಗೆ ಹೀಗೆ ಕೇಳಿ: ನಗರದಲ್ಲಿ ವಸತಿ ರಹಿತರಿಗಾಗಿ ನಡೆಯುತ್ತಿರುವ ತಂಗುದಾಣಗಳೆಷ್ಟು, ಎಲ್ಲೆಲ್ಲಿವೆ, ಪ್ರತಿಯೊಂದರಲ್ಲಿ ಎಷ್ಟು ಜನ ಮಲಗಬಹುದು, ಕಳೆದ ತಿಂಗಳು ಪ್ರತಿ ರಾತ್ರಿ ಎಷ್ಟು ಜನ ತಂಗಿದ್ದರು, ಬೀದಿಯಲ್ಲಿ ಮಲಗುವವರ ಸಮೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ.

ಇದನ್ನೇ ಏಕೆ ಕೇಳಬೇಕೆಂದರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಸ್ಪಷ್ಟವಾದ ಲೆಕ್ಕವಿದೆ. ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಕನಿಷ್ಠ 100 ಜನ ತಂಗಬಹುದಾದ ಒಂದು ತಂಗುದಾಣ ಬೇಕು. ಅದು ವರ್ಷಪೂರ್ತಿ, ದಿನದ 24 ಗಂಟೆಯೂ ತೆರೆದಿರಬೇಕು. ತಲಾ 50 ಚದರ ಅಡಿ ಜಾಗವಿರಬೇಕು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 40 ಸಾವಿರ ದಾಟಿತ್ತು. ಅಂದರೆ ಆಗಿನ ಜನಸಂಖ್ಯೆಗೇ ಒಂಬತ್ತು ತಂಗುದಾಣಗಳು ಬೇಕಿದ್ದವು. ಈ ಒಂಬತ್ತರ ಪಕ್ಕದಲ್ಲಿ ಪಾಲಿಕೆಯ ಉತ್ತರವನ್ನು ಬರೆದು ಪರದೆಯ ಮೇಲೆ ತೋರಿಸಿದರೆ ಸಾಕು, ಚರ್ಚೆ ತಾನಾಗಿ ನೆಲಕ್ಕಿಳಿಯುತ್ತದೆ.

ಎರಡನೆಯ ಅರ್ಜಿ ಭಿಕ್ಷುಕರ ಕರದ ಬಗ್ಗೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಕರ ವಸೂಲಾಗುತ್ತದೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿ. ಆ ಸಾಲು ಅಲ್ಲಿರುತ್ತದೆ, ನಾವು ಓದದೆ ಮಡಚಿಟ್ಟಿರುತ್ತೇವೆ. ಹೀಗೆ ಎಷ್ಟು ಸಂಗ್ರಹವಾಯಿತು, ಅದರಲ್ಲಿ ಭಿಕ್ಷುಕರ ಪುನರ್ವಸತಿಗಾಗಿ ಎಷ್ಟು ಮುಂದಕ್ಕೆ ಪಾವತಿಯಾಯಿತು ಎಂದು ಕೇಳಿ.

ಬೆಳಗಿನ ಐದು ಗಂಟೆಗೆ ಊರು ನೋಡುವುದು

ಜನಗಣತಿಯವರು ಮನೆಯಿಲ್ಲದವರನ್ನು ಎಣಿಸುವುದು ರಾತ್ರಿ. 2011ರಲ್ಲಿ ಫೆಬ್ರುವರಿ 28ರ ಒಂದೇ ರಾತ್ರಿ ದೇಶದಾದ್ಯಂತ ಎಣಿಸಿದಾಗ ಸಿಕ್ಕ ಸಂಖ್ಯೆ 17 ಲಕ್ಷ 73 ಸಾವಿರ. ಹಗಲಿನಲ್ಲಿ ಇವರನ್ನು ಗುರುತಿಸುವುದು ಸಾಧ್ಯವಿಲ್ಲವೆಂಬುದೇ ಈ ಕ್ರಮಕ್ಕೆ ಕಾರಣ. ಸಂಘದ ಹೆಣ್ಣುಮಕ್ಕಳಿಗೆ ಹಾಸ್ಟೆಲಿನ ರಾತ್ರಿ ವೇಳೆಯ ನಿರ್ಬಂಧ ಇರುತ್ತದೆ. ಆದ್ದರಿಂದ ನಾವು ಬೆಳಗಿನ ಐದು ಗಂಟೆಯನ್ನು ಆರಿಸಿಕೊಂಡೆವು. ಮೂವರಂತೆ ಹೋಗಿ. ಕ್ಯಾಮೆರಾ ಬೇಡ, ಬಿಸ್ಕತ್ತು ಪೊಟ್ಟಣ ಬೇಡ, ಮಲಗಿದವರನ್ನು ಎಬ್ಬಿಸುವುದಂತೂ ಬೇಡವೇ ಬೇಡ. ಚಹದಂಗಡಿಯಲ್ಲಿ ನಿಂತು ನೋಡಿದರೆ ಸಾಕು.

ಹುಬ್ಬಳ್ಳಿಯ ಮಾರುಕಟ್ಟೆ ಪ್ರದೇಶದಲ್ಲಿ ಒಂದು ಬೆಳಗ್ಗೆ ನಾನು ಕಂಡದ್ದು ಇಷ್ಟು. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ನಡುವಯಸ್ಸಿನ ಒಬ್ಬರು ಎದ್ದು ಕುಳಿತರು. ಹಾಸಿಕೊಂಡಿದ್ದ ಎರಡು ರಟ್ಟಿನ ಡಬ್ಬಿಗಳನ್ನು ಮೊದಲಿದ್ದ ಮಡಿಕೆಗಳ ಮೇಲೆಯೇ ಮಡಚಿ, ಮೇಲೊಂದು ಸುತ್ತು ಸುತಳಿ ಸುತ್ತಿ, ವಿದ್ಯುತ್ ಪರಿವರ್ತಕದ ಹಿಂದಿನ ಸಂದಿಯಲ್ಲಿ ತುರುಕಿದರು. ಹೊದೆದಿದ್ದ ದುಪ್ಪಟಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪಕ್ಕದ ಪಾನ್ ಅಂಗಡಿಯ ಗೂಡಿನ ಕೆಳಗೆ ಸರಿಸಿದರು. ನಲ್ಲಿಯಲ್ಲಿ ಮುಖ ತೊಳೆದು, ಒದ್ದೆ ಕೈಯಲ್ಲೇ ಕೂದಲು ಹಿಂದಕ್ಕೆ ತೀಡಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡರು. ಆರು ಗಂಟೆಗೆ ಅವರು ಎಲ್ಲರಂತೆ ಲಾರಿಯಿಂದ ಚೀಲ ಇಳಿಸುವ ಹಮಾಲರು. ಆ ರಾತ್ರಿ ಅವರು ಎಲ್ಲಿ ಮಲಗಿದ್ದರೆಂದು ಯಾರಿಗೂ ತಿಳಿಯುವಂತಿರಲಿಲ್ಲ.

ಸಂಘದ ಎಲ್ಲರೂ ಇದನ್ನೊಮ್ಮೆ ಕಣ್ಣಾರೆ ಕಂಡರೆ ಮನೆಯಿಲ್ಲದವರೆಂದರೆ ದುಡಿಯದವರು ಎಂಬ ಗ್ರಹಿಕೆ ಅಲ್ಲಿಗೇ ಬೀಳುತ್ತದೆ. ದೊಡ್ಡ ಆಸ್ಪತ್ರೆಗಳ ಹೊರಗೂ ನೋಡಿ. ಕೊಪ್ಪಳ, ಗದಗ, ಹಾವೇರಿಯ ಹಳ್ಳಿಗಳಿಂದ ರೋಗಿಯ ಜೊತೆ ಬಂದವರು ವಾರಗಟ್ಟಲೆ ಮರದ ಕೆಳಗೆ ಮಲಗುತ್ತಾರೆ. ಅವರಿಗೆ ಊರಿನಲ್ಲಿ ಮನೆ ಇದೆ, ಇಲ್ಲಿ ಸೂರಿಲ್ಲ.

ಚಿತ್ರದ ಆಯ್ಕೆ

ಐವತ್ತರಿಂದ ಎಪ್ಪತ್ತು ನಿಮಿಷದ ಚಿತ್ರ ಸಾಕು. ಅದಕ್ಕಿಂತ ಉದ್ದವಾದರೆ ಚರ್ಚೆಯ ಹೊತ್ತಿಗೆ ಬಸ್ಸಿನ ಚಿಂತೆ ಶುರುವಾಗುತ್ತದೆ. ಆಯ್ಕೆ ಸಮಿತಿಯವರೆಲ್ಲ ಚಿತ್ರವನ್ನು ಪೂರ್ತಿ ನೋಡಿರಬೇಕು. ತುಣುಕು ನೋಡಿ ನಿರ್ಧರಿಸಬೇಡಿ.

ನೋಡುವಾಗ ನಾಲ್ಕಾರು ಪ್ರಶ್ನೆ ಮನಸ್ಸಿನಲ್ಲಿರಲಿ. ಬೀದಿಯಲ್ಲಿರುವವರು ತಮ್ಮ ಬಗ್ಗೆ ತಾವೇ ಮಾತನಾಡುತ್ತಾರೆಯೇ, ಇಲ್ಲವೇ ಬೇರೆ ಯಾರೋ ಅವರನ್ನು ವಿವರಿಸುತ್ತಾ ಹೋಗುತ್ತಾರೆಯೇ? ಮಲಗಿರುವವರ ಮುಖವನ್ನು, ಮಕ್ಕಳ ಮುಖವನ್ನು, ಮಾನಸಿಕ ಅಸ್ವಸ್ಥರ ಅರಿವುಗೇಡಿ ಕ್ಷಣಗಳನ್ನು ಕ್ಯಾಮೆರಾ ಕದ್ದು ಹಿಡಿದಿದೆಯೇ? ಬೀದಿಗೆ ಬಂದ ಕಾರಣ ತಿಳಿಯುತ್ತದೆಯೇ? ತೆರವು ಕಾರ್ಯಾಚರಣೆ, ಸಾಕಾಗದ ಕೂಲಿ, ಕಾಯಿಲೆ, ಗಂಡನ ಹೊಡೆತ, ಮಕ್ಕಳು ಹೊರಹಾಕಿದ ಮುಪ್ಪು, ಹೀಗೆ ಕಾರಣಗಳು ಹಲವು. ಕಾರಣ ತೋರಿಸದೆ ಕಣ್ಣೀರನ್ನಷ್ಟೇ ತೋರಿಸುವ ಚಿತ್ರವನ್ನು ನಾನು ಆರಿಸುವುದಿಲ್ಲ, ಅದಕ್ಕೆ ಎಷ್ಟೇ ಪ್ರಶಸ್ತಿ ಬಂದಿರಲಿ. ವಿದೇಶದ ಚಿತ್ರವಾದರೆ ಅಲ್ಲಿನ ಬಾಡಿಗೆ, ಅಲ್ಲಿನ ಕಾನೂನು, ಅಲ್ಲಿನ ಚಳಿ ಬೇರೆ ಎಂದು ಆರಂಭದಲ್ಲೇ ಎರಡು ಮಾತು ಹೇಳಿ. ಇಲ್ಲದಿದ್ದರೆ ಚರ್ಚೆ ಇಡೀ ಸಂಜೆ ಆ ದೇಶದಲ್ಲೇ ಸುತ್ತುತ್ತದೆ.

ಅನುಮತಿ

ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ ಎಂದಾಕ್ಷಣ ಸಾರ್ವಜನಿಕವಾಗಿ ತೋರಿಸುವ ಹಕ್ಕು ನಮಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಆ ಸಂಸ್ಥೆಯ ಚಟುವಟಿಕೆಗೆ ಸಂಬಂಧಿಸಿದವರು ಮಾತ್ರ ಪ್ರೇಕ್ಷಕರಾಗಿದ್ದರೆ ಚಿತ್ರ ತೋರಿಸಬಹುದು. ಊರಿನವರನ್ನೂ ತಂಗುದಾಣದವರನ್ನೂ ಕರೆದರೆ ಈ ಆಸರೆ ಸಾಲದು. ನಿರ್ದೇಶಕರಿಗೋ ವಿತರಕರಿಗೋ ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರವೂ ಬೇಕು. ಸಾಕ್ಷ್ಯಚಿತ್ರವೂ ಇದಕ್ಕೆ ಹೊರತಲ್ಲ. ಅದು ಇದೆಯೇ ಎಂದು ಅದೇ ಪತ್ರದಲ್ಲಿ ಕೇಳಿ.

ಸಾಕ್ಷ್ಯಚಿತ್ರ ಮಾಡುವವರು ವಿದ್ಯಾರ್ಥಿಗಳ ಪತ್ರವನ್ನು ಪ್ರೀತಿಯಿಂದ ಓದುತ್ತಾರೆ. ಯಾವ ಊರು, ಎಷ್ಟು ಜನ, ಟಿಕೆಟ್ ಇದೆಯೋ ಇಲ್ಲವೋ, ಏಕೆ ಈ ಚಿತ್ರವೇ ಬೇಕು ಎಂದು ಅರ್ಧ ಪುಟದಲ್ಲಿ ನೇರವಾಗಿ ಬರೆಯಿರಿ. ಕನ್ನಡ ಅಡಿಬರಹ (ಸಬ್‌ಟೈಟಲ್) ಸೇರಿಸಲೂ ಅನುಮತಿ ಕೇಳಿ. ಪ್ರಾಂಶುಪಾಲರ ಒಪ್ಪಿಗೆಯನ್ನೂ ಬಾಯಿಮಾತಿನಲ್ಲಿ ಮುಗಿಸದೆ ಕಾಗದದ ಮೇಲೆ ಪಡೆದುಕೊಳ್ಳಿ.

ಕನ್ನಡ ಅಡಿಬರಹ

ಬಹಳಷ್ಟು ಸಂಘಗಳು ಇದನ್ನು ಬಿಟ್ಟುಬಿಡುತ್ತವೆ. ನಾವೂ ಬಿಟ್ಟಿದ್ದೆವು. ಹಿಂದಿ ಮಾತು, ಇಂಗ್ಲಿಷ್ ಅಡಿಬರಹ ಇದ್ದ ಚಿತ್ರಕ್ಕೆ ಒಬ್ಬ ಗೆಳತಿ ಮೈಕಿನಲ್ಲಿ ಕನ್ನಡ ಹೇಳುತ್ತಾ ಹೋದಳು. ಚಿತ್ರದಲ್ಲಿ ಮಾತನಾಡುವವರ ದನಿ ಅವಳ ದನಿಯಡಿ ಮುಳುಗಿಹೋಯಿತು. ಆಡಿದವರ ಉಸಿರು, ತಡವರಿಕೆ, ಮೌನ ಯಾವುದೂ ಕೇಳಿಸಲಿಲ್ಲ.

ಮುಂದಿನ ಬಾರಿ ನಾಲ್ವರು ಕುಳಿತು ಎರಡು ವಾರಾಂತ್ಯಗಳಲ್ಲಿ ಒಂದು ಗಂಟೆಯ ಚಿತ್ರಕ್ಕೆ ಕನ್ನಡ ಅಡಿಬರಹ ಮಾಡಿ ಮುಗಿಸಿದೆವು. ಅಡಿಬರಹದ ಎಸ್‌ಆರ್‌ಟಿ ಕಡತ ಸಾದಾ ಪಠ್ಯವಷ್ಟೇ, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಮೂಲ ಕಡತ ಸಿಕ್ಕರೆ ಸಮಯದ ಅಂಕಿಗಳನ್ನು ಮುಟ್ಟದೆ ಮಾತನ್ನಷ್ಟೇ ಕನ್ನಡಕ್ಕೆ ತನ್ನಿ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಯುಟಿಎಫ್-8 ಎಂದು ಉಳಿಸಿ. ಡಿಟಿಪಿ ಅಂಗಡಿಗೆ ಕೊಟ್ಟು ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರಗಳಲ್ಲಿ ಮಾಡಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ವಿಎಲ್‌ಸಿ ಪ್ಲೇಯರಿನ ಅಡಿಬರಹ ವಿಭಾಗದಲ್ಲಿ ನೋಟೊ ಸ್ಯಾನ್ಸ್ ಕನ್ನಡದಂತಹ ಅಕ್ಷರವಿನ್ಯಾಸ ಆರಿಸಿ, ‘ಸ್ತ್ರೀ’, ‘ರಾಷ್ಟ್ರ’, ‘ಆಸ್ಪತ್ರೆ’ಯಂತಹ ಪದಗಳಲ್ಲಿ ಒತ್ತಕ್ಷರ ಒಡೆಯುತ್ತದೆಯೇ ನೋಡಿ. ಕನ್ನಡ ಪದಗಳು ಉದ್ದ. ಎರಡು ಸಾಲಿಗೆ ಹಿಡಿಸುವಂತೆ ಮಾತನ್ನು ಕಡಿಮೆ ಮಾಡಿ. ಭಾಷಾಂತರ ಮಾಡುವವರು ಪುಸ್ತಕದ ಕನ್ನಡಕ್ಕೆ ಜಾರದಿರಲಿ. ‘ನನಗೆ ಯಾರೂ ಇಲ್ಲ’ ಎನ್ನುವವಳ ಬಾಯಲ್ಲಿ ‘ನಾನು ಅನಾಥಳಾಗಿರುವೆ’ ಎಂದು ತುರುಕಬೇಡಿ.

ಪೋಸ್ಟರಿನ ಮಾತು

ಯಾವ ಪದ ಬಳಸುವುದು? ‘ನಿರಾಶ್ರಿತರು’ ಎಂದರೆ ದೇಶ ಬಿಟ್ಟು ಬಂದವರು, ನೆರೆಯಲ್ಲಿ ಊರು ಕಳೆದುಕೊಂಡವರು ಎಂಬ ಅರ್ಥವೂ ಇದೆ. ‘ವಸತಿ ರಹಿತರು’ ಸರ್ಕಾರಿ ಕಾಗದದ ಪದ. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ಅದು ಆಶ್ರಯ ಮನೆಯ ಫಲಾನುಭವಿ ಪಟ್ಟಿಯನ್ನು ನೆನಪಿಸುತ್ತದೆ. ‘ನಿರ್ಗತಿಕರು’ ಎಂದರೆ ಗತಿಯೇ ಇಲ್ಲವೆಂದು ನಾವೇ ತೀರ್ಪು ಕೊಟ್ಟಂತೆ. ‘ಭಿಕ್ಷುಕರು’ ತಪ್ಪೇ ತಪ್ಪು. ಹೊರಗೆ ಮಲಗುವವರಲ್ಲಿ ಬೇಡುವವರೂ ಇದ್ದಾರೆ, ಆದರೆ ಎರಡೂ ಒಂದಲ್ಲ. ಈ ಗೊಂದಲದಿಂದಲೇ ದುಡಿಯುವವರನ್ನೂ ಭಿಕ್ಷಾಟನೆಯ ಹೆಸರಿನಲ್ಲಿ ಹಿಡಿದೊಯ್ಯುವ ಅಪಾಯವಿದೆ. ಸುತ್ತಿ ಬಳಸಿ ನಾನು ‘ಮನೆಯಿಲ್ಲದವರು’ ಎಂಬ ಪದಕ್ಕೇ ಬಂದು ನಿಂತಿದ್ದೇನೆ. ಇಲ್ಲದಿರುವುದು ಮನೆ ಮಾತ್ರ ಎಂದು ಅದು ಹೇಳುತ್ತದೆ.

‘ಅವರ’, ‘ಇವರ’ ಎಂಬ ದೂರದ ಸರ್ವನಾಮಗಳನ್ನು ಪೋಸ್ಟರಿನಿಂದ ತೆಗೆಯಿರಿ. ಹರಿದ ಬಟ್ಟೆಯ ಮುಖದ ಚಿತ್ರ ಬೇಡ. ಚಿತ್ರದ ಹೆಸರು, ಅವಧಿ, ಭಾಷೆ, ಜಾಗ, ವೇಳೆ, ‘ಎಲ್ಲರಿಗೂ ಪ್ರವೇಶ ಉಚಿತ’, ಇಷ್ಟು ಸಾಕು. ಬ್ಯಾನರ್ ಬಟ್ಟೆಯದ್ದಿರಲಿ, ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷಿದ್ಧ.

ಯಾರನ್ನು ಕರೆಯುವುದು, ಹೇಗೆ ಕರೆಯುವುದು

ಪಾಲಿಕೆಯ ಸಂಬಂಧಪಟ್ಟ ಅಧಿಕಾರಿ, ತಂಗುದಾಣ ನೋಡಿಕೊಳ್ಳುವವರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು, ಈ ಮೂವರಲ್ಲಿ ಇಬ್ಬರಾದರೂ ಬರಲಿ. ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ, ಅಲ್ಲಿನ ವಿದ್ಯಾರ್ಥಿಗಳನ್ನೂ ಜೊತೆಗೆ ಸೇರಿಸಿಕೊಳ್ಳಿ.

ಬೀದಿಯ ಬದುಕನ್ನು ಸ್ವತಃ ಕಂಡವರೊಬ್ಬರು ಮಾತನಾಡಲು ಬರಬೇಕು, ಇದು ಇಡೀ ಕಾರ್ಯಕ್ರಮದ ಜೀವ. ತಪ್ಪುಗಳು ಹೆಚ್ಚಾಗಿ ಆಗುವುದೂ ಇಲ್ಲಿಯೇ. ಮೊದಲು ತಂಗುದಾಣಕ್ಕೆ ಹೋಗಿ ಪರಿಚಯ ಮಾಡಿಕೊಳ್ಳಿ. ಎರಡನೆಯ ಭೇಟಿಯಲ್ಲಿ ವಿಷಯ ಹೇಳಿ. ಮೂರನೆಯದರಲ್ಲಿ ಒಪ್ಪಿಗೆ ಕೇಳಿ. ‘ಬೇಡ’ ಎಂದರೆ ಅಲ್ಲಿಗೆ ಮುಗಿಯಿತು, ಒತ್ತಾಯಿಸಬೇಡಿ. ಒಪ್ಪಿದರೆ ಚಿತ್ರವನ್ನು ಅವರಿಗೆ ಮೊದಲೇ ತೋರಿಸಿ. ಪೊಲೀಸರ ಲಾಠಿಯೋ ಮಗುವಿನ ಸಾವೋ ಬರುವ ದೃಶ್ಯವನ್ನು ನೂರು ಜನರ ನಡುವೆ ಮೊದಲ ಬಾರಿಗೆ ನೋಡುವಂತೆ ಮಾಡಬಾರದು. ಯಾವ ಪ್ರಶ್ನೆ ಬೇಡವೆಂದು ಅವರೇ ಹೇಳಲಿ. ನಿರೂಪಕರು ಅದನ್ನು ಬರೆದಿಟ್ಟುಕೊಳ್ಳಲಿ.

ಪ್ರಾಧ್ಯಾಪಕರಿಗೆ ಎಷ್ಟು ಗೌರವಧನ ಕೊಡುತ್ತೀರೋ ಇವರಿಗೂ ಅಷ್ಟೇ ಕೊಡಿ. ಕೂಲಿ ಬಿಟ್ಟು ಬರುತ್ತಾರೆ ಎಂಬುದು ನೆನಪಿರಲಿ. ಲಕೋಟೆಯಲ್ಲಿ ಹಾಕಿ, ವೇದಿಕೆಯ ಕೆಳಗೆ ಕೊಡಿ. ಶಾಲು ಹೊದಿಸಿ ಫೋಟೋ ತೆಗೆಯುವ ಪದ್ಧತಿಯನ್ನು ಇಲ್ಲಿ ಕೈಬಿಡಿ. ಹಾರ ಹಾಕುವುದಾದರೆ ಎಲ್ಲ ಅತಿಥಿಗಳಿಗೂ ಹಾಕಿ, ಇಲ್ಲವಾದರೆ ಯಾರಿಗೂ ಬೇಡ. ನಾವು ಕರೆದಿದ್ದ ಒಬ್ಬ ಹಿರಿಯ ಮಹಿಳೆ ಕುಳಿತ ಕೂಡಲೇ ಕೇಳಿದ್ದು, ‘ನನ್ನ ಚೀಲ ಎಲ್ಲಿಡಲಿ, ಕಾಣುವಂತೆ ಇಡುತ್ತೀರಾ?’ ಅವರ ಆಸ್ತಿಯೆಲ್ಲ ಅದರಲ್ಲಿತ್ತು. ಚೀಲವನ್ನು ಅವರ ಕಾಲ ಬಳಿಯೇ ಇಟ್ಟೆವು. ಆಮೇಲೆಯೇ ಅವರು ನೀರು ಕುಡಿದದ್ದು. ಕಾವಲುಗಾರರಿಗೆ ಹಿಂದಿನ ದಿನವೇ ಹೇಳಿಡಿ: ಚೀಲ ಹಿಡಿದು, ಚಪ್ಪಲಿಯಿಲ್ಲದೆ ಬಂದವರನ್ನೂ ಗುರುತಿನ ಚೀಟಿ ಕೇಳದೆ ಒಳಗೆ ಬಿಡಬೇಕು.

ದಿನ, ವೇಳೆ, ಸಭಾಂಗಣ

ಅಕ್ಟೋಬರ್ 10 ವಿಶ್ವ ಮನೆಯಿಲ್ಲದವರ ದಿನ. ಆದರೆ ಆ ಹೊತ್ತಿಗೆ ದಸರಾ ರಜೆ ಬಂದು ಹಾಸ್ಟೆಲುಗಳು ಖಾಲಿಯಾಗಿರಬಹುದು. ದಿನಾಂಕದ ಚೆಲುವಿಗಿಂತ ತುಂಬಿದ ಸಭಾಂಗಣ ಮುಖ್ಯ. ಧಾರವಾಡದ ಮಳೆಗಾಲದಲ್ಲಿ ತಗಡಿನ ಸೂರಿನ ಸಭಾಂಗಣ ಬೇಡ, ಮಾತು ಕೇಳಿಸುವುದಿಲ್ಲ. ಡಿಸೆಂಬರಿನ ಒಂದು ಸಂಜೆ, ನಾಲ್ಕೂವರೆಗೆ ಆರಂಭವಾದರೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಬಂದವರು ಹೊತ್ತಿಗೆ ಸರಿಯಾಗಿ ಮರಳಬಹುದು. ಹೊರಗೆ ಚಳಿ ಇಳಿಯುವ ಹೊತ್ತಿಗೆ ಚಿತ್ರ ಮುಗಿಯುತ್ತದೆ. ಹಿಂದಿನ ದಿನ ಅದೇ ಕಂಪ್ಯೂಟರ್, ಅದೇ ತಂತಿ, ಅದೇ ಸ್ಪೀಕರಿನಲ್ಲಿ ಹತ್ತು ನಿಮಿಷ ಓಡಿಸಿ, ಕೊನೆಯ ಸಾಲಿನಲ್ಲಿ ಕುಳಿತು ಅಡಿಬರಹ ಓದಲಾಗುತ್ತದೆಯೇ ನೋಡಿ. ಕರೆಂಟು ಹೋದರೆ ಜನರೇಟರ್ ಹಾಕುವವರು ಯಾರೆಂದು ಗೊತ್ತಿರಲಿ.

ಚರ್ಚೆ

ದೀಪ ಹಾಕಿದ ಕೂಡಲೇ ಮೈಕ್ ಹಿಡಿಯಬೇಡಿ. ಎರಡು ನಿಮಿಷ ಸುಮ್ಮನೆ ಬಿಡಿ. ನಂತರ ಅತಿಥಿಗಳ ಮಾತು, ಆಮೇಲೆ ಪಾಲಿಕೆಯ ಉತ್ತರದ ಅಂಕಿ. ‘ಇವರು ಊರಿಗೆ ಏಕೆ ಹಿಂದಿರುಗುವುದಿಲ್ಲ’, ‘ಕೊಟ್ಟರೆ ಕುಡಿಯುತ್ತಾರೆ’ ಎಂಬ ಮಾತುಗಳು ಬಂದೇ ಬರುತ್ತವೆ. ಆಡಿದವರನ್ನು ಗದರಿಸಬೇಡಿ, ಅವರು ತಿಳಿಯಲೆಂದೇ ಬಂದಿದ್ದಾರೆ. ಪಾದಚಾರಿ ಮಾರ್ಗದಲ್ಲಿ ಬದುಕುವವರು ಕೆಲಸ ಅಲ್ಲೇ ಇರುವುದರಿಂದ ಅಲ್ಲಿದ್ದಾರೆ, ಅವರನ್ನು ಎಬ್ಬಿಸಿದರೆ ಜೀವನೋಪಾಯವೇ ಹೋಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 1985ರಲ್ಲೇ, ಮುಂಬಯಿಯ ಓಲ್ಗಾ ಟೆಲಿಸ್ ಪ್ರಕರಣದಲ್ಲಿ, ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನೊಂದಿಗೆ ಜೋಡಿಸಿತು. ಇದನ್ನು ಹೇಳಲು ಒಬ್ಬರು ಸಿದ್ಧರಾಗಿರಲಿ.

ಬಾಗಿಲಲ್ಲಿ ಕೊಡಲು ಒಂದು ಸಣ್ಣ ಚೀಟಿ ಮುದ್ರಿಸಿ: ಮಕ್ಕಳಿಗೆ 1098, ಹಿರಿಯರಿಗೆ 14567, ಮಾನಸಿಕ ಆರೋಗ್ಯಕ್ಕೆ 14416, ಉಚಿತ ಕಾನೂನು ನೆರವಿಗೆ 15100, ತುರ್ತಿಗೆ 112. ಜೊತೆಗೆ ಒಂದು ಸಾಲು: ಮಾನಸಿಕ ಅಸ್ವಸ್ಥತೆಯಿಂದ ಬೀದಿಯಲ್ಲಿ ಅಲೆಯುವವರನ್ನು ರಕ್ಷಣೆಗೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಠಾಣೆಯ ಕರ್ತವ್ಯ.

ಮರುದಿನದಿಂದ

ಚಿತ್ರ ನೋಡಿದವರಿಗೆ ಆ ರಾತ್ರಿಯೇ ಏನಾದರೂ ಮಾಡಬೇಕೆನಿಸುತ್ತದೆ. ಕಂಬಳಿ ಹಂಚುವುದು ಮೊದಲು ಹೊಳೆಯುತ್ತದೆ. ಹಂಚುವುದಾದರೆ ಏನು ಬೇಕೆಂದು ತಂಗುದಾಣದವರನ್ನು ಕೇಳಿ ಹಂಚಿ, ಫೋಟೋ ಬೇಡ. ಸಂಗ್ರಹಿಸಿದ ಪ್ರತಿ ರೂಪಾಯಿಯ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕಿ.

ವಿದ್ಯಾರ್ಥಿಗಳು ನಿಜಕ್ಕೂ ಚೆನ್ನಾಗಿ ಮಾಡಬಲ್ಲ ಕೆಲಸ ಕಾಗದಪತ್ರದ್ದು. ಮನೆಯಿಲ್ಲದವರೂ ಮತದಾರರ ಪಟ್ಟಿಗೆ ಸೇರಬಹುದು, ವಿಳಾಸದ ದಾಖಲೆ ಬೇಕಿಲ್ಲ. ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನು ಬರೆದರೆ, ಮತಗಟ್ಟೆ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಒಂದಕ್ಕಿಂತ ಹೆಚ್ಚು ಬಾರಿ ಅಲ್ಲಿಗೆ ಬಂದು ಅವರು ನಿಜವಾಗಿ ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಳ್ಳಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಹತ್ತು ಜನರ ನಮೂನೆ ತುಂಬಿಸಿ, ಅಧಿಕಾರಿ ಬರುವ ತನಕ ಬೆನ್ನು ಹತ್ತಿ. ಮಾತನಾಡಲು ಬಂದವರನ್ನು ವಾರದೊಳಗೆ ಮತ್ತೆ ಕಂಡು, ಸಭೆಯಲ್ಲಿ ಏನು ತೀರ್ಮಾನವಾಯಿತೆಂದು ತಿಳಿಸಿ. ನಿರ್ದೇಶಕರಿಗೂ ಒಂದು ಪುಟ ಬರೆಯಿರಿ.

ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬಾರದಿದ್ದರೆ, ಅಥವಾ ಅರೆಬರೆ ಬಂದಿದ್ದರೆ, 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಆ ಕಡತವನ್ನು ಎರಡನೆಯ ವರ್ಷದ ವಿದ್ಯಾರ್ಥಿಯ ಕೈಗೆ ಕೊಡಿ, ಕೊನೆಯ ವರ್ಷದವರಿಗೆ ಬೇಡ. ಉತ್ತರ ಬರುವ ಹೊತ್ತಿಗೆ ಅವರು ಊರು ಬಿಟ್ಟಿರುತ್ತಾರೆ.